ಅಳಿಸದೆ ಉಳಿದ ಹೆಸರು

"ಬರಿ," ಎಂದು ಇನ್ಸ್‌ಪೆಕ್ಟರಮ್ಮ ಬಳಪವನ್ನು ಮುಂದೆ ಚಾಚಿದರು.

ಹುಡುಗಿ ತೆಗೆದುಕೊಳ್ಳಲಿಲ್ಲ. ಮೊಳೆಗೆ ತೂಗುಹಾಕಿದ್ದ ಸ್ಲೇಟನ್ನು ನೋಡಿದಳು. ಪಕ್ಕದ ಬಾಗಿಲಿನ ಬೀಗವನ್ನು ನೋಡಿದಳು. ಆಮೇಲೆ ತನ್ನ ಚಪ್ಪಲಿಯ ತುದಿಯನ್ನೇ ನೋಡುತ್ತ ನಿಂತುಬಿಟ್ಟಳು.

"ಏನು ಬರೀಲಿ, ಮೇಡಂ?"

"ನಿನ್ನ ಹೆಸರು. ಮೇಷ್ಟ್ರ ಹತ್ರ ಓದೋಕೆ ಬಂದಾಗ ಹೇಗೆ ಬರೀತಿದ್ದೆಯೋ ಹಾಗೆ. ಈ ಮೇಡಂ ಗೀಡಂ ಬೇಡ ಅಂತ ನಿನ್ನೆನೇ ಹೇಳಿದ್ದೆ."

"ಅಜ್ಜಿ ಅನ್ನೋಕೆ ಭಯ ಆಗುತ್ತೆ. ಪೊಲೀಸಿನೋರನ್ನ ಹಾಗೆಲ್ಲ ಕರೀಬಹುದಾ?"

"ನಾನು ರಿಟೈರ್ ಆಗಿ ಆರು ವರ್ಷ ಆಯ್ತು. ಈಗ ನನ್ನ ಮೊಣಕಾಲು ಕೂಡ ನನ್ನ ಮಾತು ಕೇಳಲ್ಲ. ಬರಿ ಮಗಳೇ, ಹೊತ್ತಾಗ್ತಾ ಇದೆ."

ಮೂರು ಹೊಡೆದು ಹತ್ತು ನಿಮಿಷವಾಗಿತ್ತು. ಮೋಡ ಎಷ್ಟು ದಟ್ಟವಾಗಿತ್ತೆಂದರೆ ಹಗಲಿನಲ್ಲೇ ಕಾರಿಡಾರಿನ ದೀಪ ಹಾಕಿದ್ದರು. ಸಾಮಾನ್ಯವಾಗಿ ಈ ಹೊತ್ತಿಗೆ ಒಂದೊಂದು ಬಾಗಿಲಿನ ಹಿಂದಿನಿಂದಲೂ ಯಾರೋ ಓದುವ ದನಿ ಕೇಳಿಬರಬೇಕಾಗಿತ್ತು. ಇವತ್ತು ಎಲ್ಲ ಬಾಗಿಲುಗಳೂ ಮೌನವಾಗಿದ್ದವು. ನಾಲ್ಕು ಗಂಟೆಗೆ ಮೇಲಿನ ಮಹಡಿಯಲ್ಲಿ ಕಾಲೇಜಿನ ಸಮಿತಿ ಕೂಡಲಿತ್ತು. ಗೇಟಿನ ಹೊರಗೆ ಪೊಲೀಸ್ ವ್ಯಾನು ಆಗಲೇ ಬಂದು ನಿಂತಿತ್ತು.

ಒಂಬತ್ತು ದಿನಗಳ ಹಿಂದೆ ಈ ಬೀಗದ ಆಚೆ ತೀರಿಕೊಂಡವರು ಇನ್ಸ್‌ಪೆಕ್ಟರಮ್ಮನ ಒಬ್ಬನೇ ತಮ್ಮ. ಇಲ್ಲಿ ತತ್ವಶಾಸ್ತ್ರ ಹೇಳಿಕೊಡುತ್ತಿದ್ದ ಮೇಷ್ಟ್ರು. ಯಾರೋ ತಳ್ಳಿದ್ದರು, ಮೇಜಿನ ಅಂಚು ತಲೆಗೆ ಬಡಿದಿತ್ತು.

ಇನ್ನೂರು ಮಂದಿಯ ಈ ಪುಟ್ಟ ಕಾಲೇಜಿಗೆ ತನ್ನದೇ ಒಂದು ಪದ್ಧತಿಯಿದೆ. ವಾರಕ್ಕೊಮ್ಮೆ ಪ್ರತಿಯೊಬ್ಬ ವಿದ್ಯಾರ್ಥಿಯೂ ತಾನು ಬರೆದ ಪ್ರಬಂಧವನ್ನು ಮೇಷ್ಟ್ರ ಎದುರು ಒಬ್ಬನೇ ಕುಳಿತು ಗಟ್ಟಿಯಾಗಿ ಓದಬೇಕು. ಒಳಗೆ ಹೋಗುವ ಮುಂಚೆ ಬಾಗಿಲ ಪಕ್ಕದ ಸ್ಲೇಟಿನ ಮೇಲೆ ತನ್ನ ಹೆಸರು ಬರೆಯಬೇಕು. ಹೊರಗೆ ಬಂದ ಮೇಲೆ ತಾನೇ ಅಳಿಸಬೇಕು. ಹೆಸರು ಇರುವ ತನಕ ಯಾರೂ ಬಾಗಿಲು ತಟ್ಟುವುದಿಲ್ಲ. ಇನ್ನೊಬ್ಬರ ಹೆಸರನ್ನು ಯಾರೂ ಬರೆಯುವುದಿಲ್ಲ, ಯಾರೂ ಅಳಿಸುವುದಿಲ್ಲ. ಇದನ್ನು ಮೀರಿದವರನ್ನು ಕಾಲೇಜು ಇಟ್ಟುಕೊಂಡದ್ದಿಲ್ಲ.

ಆ ದಿನ ಎರಡರಿಂದ ಐದೂವರೆಯ ತನಕ ಮೇಷ್ಟ್ರ ಸ್ಲೇಟಿನ ಮೇಲೆ ಒಂದೇ ಹೆಸರಿತ್ತು. ಎಲ್ಲರೂ 'ಗುಬ್ಬಿ' ಎಂದು ಕರೆಯುವ, ಕೊನೆಯ ವರ್ಷದ ಗಿಡ್ಡ ಮೈಕಟ್ಟಿನ ಹುಡುಗಿಯದು. ಕೊನೆಯ ವರ್ಷದ ದೊಡ್ಡ ಪ್ರಬಂಧ ಓದಲು ಮೂರು ಗಂಟೆಯಾದರೂ ಬೇಕು. ಯಾರಿಗೂ ಅನುಮಾನ ಬರಲಿಲ್ಲ. ಐದೂವರೆಗೆ ಕಿಟಕಿ ಮುಚ್ಚಲು ಬಂದ ಜವಾನ ಬಾಗಿಲು ತೆರೆದು ನೋಡಿದ. ಗುಬ್ಬಿ ಅಲ್ಲಿರಲಿಲ್ಲ. ಮೇಷ್ಟ್ರು ನೆಲದ ಮೇಲಿದ್ದರು.

ಅವತ್ತಿನಿಂದ ಗುಬ್ಬಿಯದು ಒಂದೇ ಮಾತು: "ನಾನು ಜ್ವರ ಬಂದು ರೂಮಿನಲ್ಲಿ ಮಲಗಿದ್ದೆ. ಸ್ಲೇಟಿನ ವಿಷಯ ನನಗೆ ಗೊತ್ತಿಲ್ಲ." ಅವಳನ್ನು ಪೊಲೀಸರಿಗೆ ಒಪ್ಪಿಸಬೇಕೇ ಎಂದು ಇವತ್ತಿನ ಸಮಿತಿ ತೀರ್ಮಾನಿಸಲಿತ್ತು.

ಈಗ ಬಳಪದ ಮುಂದೆ ನಿಂತವಳು ಗುಬ್ಬಿಯ ರೂಮಿನ ಗೆಳತಿ. ಕಾಲೇಜಿನಲ್ಲೇ ಎಲ್ಲರಿಗಿಂತ ಎತ್ತರ. ಇಡೀ ಹಾಸ್ಟೆಲು ಅವಳನ್ನು 'ಕಂಬ' ಎನ್ನುತ್ತದೆ; ಫ್ಯೂಸ್ ಹೋದರೆ, ಜೇಡರ ಬಲೆ ಕಟ್ಟಿದರೆ, ಅವಳನ್ನೇ ಕೂಗುತ್ತದೆ.

ಕಂಬ ಕೊನೆಗೂ ಬಳಪ ತೆಗೆದುಕೊಂಡಳು. ಕೈಯನ್ನು ತಲೆಗಿಂತ ಮೇಲೆ ಎತ್ತಿ, ಸ್ಲೇಟಿನ ಮೇಲಿನ ಚೌಕಟ್ಟಿಗೆ ತಾಗಿದಂತೆ, ತನ್ನ ಹೆಸರು ಬರೆದಳು.

ಇನ್ಸ್‌ಪೆಕ್ಟರಮ್ಮ ಕಂಕುಳಲ್ಲಿದ್ದ ಗಂಟು ಬಿಚ್ಚಿದರು. ಅದರೊಳಗೆ ಇನ್ನೊಂದು ಸ್ಲೇಟು, ಆ ದಿನದ್ದು. ಬಳಪದ ಅಕ್ಷರ ಒರೆಸಿ ಹೋಗದಿರಲೆಂದು ಜವಾನ ಅದರ ನಾಲ್ಕು ಮೂಲೆಗೂ ಬೆಂಕಿಕಡ್ಡಿಯ ತುಂಡಿಟ್ಟು, ತನ್ನ ಹೊಸ ಟವಲನ್ನು ಬಿಗಿಯಾಗಿ ಎಳೆದು ಸುತ್ತಿ ಇಟ್ಟಿದ್ದ. ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಗುಬ್ಬಿ ದಿನವೂ ಅವನ ಕನ್ನಡಕ ಒರೆಸಿ ಕೊಡುತ್ತಿದ್ದಳಂತೆ. "ನನ್ನ ಕೈಲಾದ್ದು ಇಷ್ಟೇ ಅಮ್ಮ" ಎಂದಿದ್ದ.

ಅವರು ಅದನ್ನು ಕಂಬ ಬರೆದ ಸ್ಲೇಟಿನ ಪಕ್ಕದಲ್ಲಿ ಎತ್ತಿ ಹಿಡಿದರು.

ಗುಬ್ಬಿಯ ಹೆಸರೂ ಮೇಲೆಯೇ ಇತ್ತು. ಚೌಕಟ್ಟಿಗೆ ತಾಗಿದಂತೆ.

"ಬೆಳಿಗ್ಗೆ ಗುಬ್ಬೀನ ಇಲ್ಲೇ ನಿಲ್ಲಿಸಿ ಬರೆಸಿದೆ," ಎಂದರು ಮೆಲ್ಲಗೆ. "ನನ್ನ ತಮ್ಮ ಉದ್ದಕ್ಕಿದ್ದ. ಮೊಳೇನೂ ತನ್ನ ಕೈಗೆಟಕೋ ಎತ್ತರಕ್ಕೇ ಹೊಡ್ಕೊಂಡಿದ್ದ. ಪಾಪ, ಅವಳು ಕಾಲ್ಬೆರಳ ಮೇಲೆ ನಿಂತರೂ ಅರ್ಧಕ್ಕಿಂತ ಮೇಲೆ ಕೈ ಹೋಗಲಿಲ್ಲ. ಯಾವಾಗಲೂ ಕೆಳಗಡೆ ಮೂಲೇಲಿ ಬರೀತಿದ್ದಳಂತೆ."

ಕಂಬ ಬಳಪವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

"ಸ್ಟೂಲ್ ಹಾಕ್ಕೊಂಡು ಬರೆದಿರ್ತಾಳೆ ಅಂತೀಯಾ?"

"ಇಲ್ಲ."

"ಮತ್ತೆ?"

"ನಾನೇ ಬರ್ದೆ."

ಹೇಳಿದವಳು ಗೋಡೆಗೆ ಒರಗಿ, ಹಾಗೇ ಜಾರುತ್ತ ನೆಲದ ಮೇಲೆ ಕುಳಿತಳು. ಅಷ್ಟುದ್ದದ ಹುಡುಗಿ ಕುಳಿತಾಗ ಎಷ್ಟು ಚಿಕ್ಕವಳಾಗಿ ಕಂಡಳೆಂದರೆ, ಇನ್ಸ್‌ಪೆಕ್ಟರಮ್ಮನೂ ಗೋಡೆ ಹಿಡಿದು, ಮೊಣಕಾಲನ್ನು ಬೈಯುತ್ತ, ಪಕ್ಕದಲ್ಲಿ ಕುಳಿತರು. ಅವರಿಗೆ ಕೆಮ್ಮು ಬಂತು. ಜೇಬಿನಲ್ಲಿ ಬೆಳಿಗ್ಗೆ ಕಾಲೇಜಿನ ಡಾಕ್ಟರು ಕೊಟ್ಟಿದ್ದ ಕೆಮ್ಮಿನ ಮಾತ್ರೆಗಳಿದ್ದವು. ಒಂದನ್ನು ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ಹುಡುಗಿಯ ಕೈಗೆ ಹಾಕಿದರು.

"ಮೊದಲಿಂದ ಹೇಳು. ಅವಸರ ಇಲ್ಲ."

ಅವಸರವಿತ್ತು. ಇಬ್ಬರಿಗೂ ಗೊತ್ತಿತ್ತು.

"ಅವತ್ತು ಗುಬ್ಬಿಗೆ ಎರಡು ಗಂಟೆಗೆ ಸರದಿ. ಬೆಳಿಗ್ಗೆಯಿಂದ ಜ್ವರ, ಮೈ ಕೆಂಡ. ಮಾತ್ರೆ ತಗೊಂಡು ಮಲಗಿದ್ಲು. ನಾನು ಊಟ ಮುಗಿಸಿ ಬಂದೆ, ಆಗಲೂ ಮಲಗೇ ಇದ್ಲು. ಎಬ್ಬಿಸೋಕೆ ಮನಸ್ಸು ಬರಲಿಲ್ಲ ಅಜ್ಜಿ. ಎಷ್ಟು ದಿನದಿಂದ ನಿದ್ದೆಗೆಟ್ಟು ಬರ್ದಿದ್ಲು ಗೊತ್ತಾ? ಮೂರು ಸಲ ಮೇಷ್ಟ್ರು ವಾಪಸ್ ಕೊಟ್ಟಿದ್ರು."

"ಅದನ್ನೇ ಜಗಳ ಅಂತ ಇದಾರೆ ಸಮಿತಿಯೋರು."

"ಜಗಳ ಎಲ್ಲಿಂದ ಬಂತು! ಮೂರನೇ ಸಲ ಕೊಡುವಾಗ ಜೊತೆಗೆ ತಮ್ಮ ಪೆನ್ನನ್ನೇ ಕೊಟ್ಟಿದ್ರು. 'ನಿನ್ನ ಪೆನ್ನು ಸೋರುತ್ತೆ, ನನ್ನ ಕಣ್ಣು ಹಾಳಾಗುತ್ತೆ' ಅಂತ. ಅವಳು ಆ ಪೆನ್ನನ್ನ ದಿಂಬಿನ ಕೆಳಗೆ ಇಟ್ಕೊಂಡು ಮಲಗ್ತಾಳೆ."

ಇನ್ಸ್‌ಪೆಕ್ಟರಮ್ಮ ಒಂದು ಕ್ಷಣ ಕಾರಿಡಾರಿನ ಇನ್ನೊಂದು ತುದಿಗೆ ನೋಡಿದರು. ತಮ್ಮನಿಗೆ ಆ ಪೆನ್ನನ್ನು ಅವರೇ ಕೊಡಿಸಿದ್ದರು.

"ಸರಿ. ಆಮೇಲೆ?"

"ಸರದಿ ತಪ್ಪಿದ್ರೆ ಮತ್ತೆ ಎರಡು ವಾರ ಕಾಯ್ಬೇಕು. ಪ್ರಬಂಧ ಒಪ್ಪಿಸೋ ಗಡುವು ಮೀರಿಹೋಗ್ತಿತ್ತು. ಅದಕ್ಕೇ ಎರಡಕ್ಕೆ ಅಲಾರಂ ಇಟ್ಟೆ. ಅಷ್ಟರೊಳಗೆ ಬೇರೆ ಯಾರೂ ನುಗ್ಗದಿರಲಿ ಅಂತ ಇಲ್ಲಿ ಬಂದು ಅವಳ ಹೆಸರು ಬರ್ದು, ಅಡುಗೆಮನೆ ಕೆಲಸಕ್ಕೆ ಹೋದೆ. ಅವತ್ತು ನಂದು ಪಾತ್ರೆ ತೊಳೆಯೋ ಸರದಿ. ಅಲಾರಂ ಹೊಡೆದಿದ್ದೂ ಅವಳಿಗೆ ಗೊತ್ತಾಗಿಲ್ಲ. ಸಂಜೆ ಆರಕ್ಕೆ ಎದ್ದಿದಾಳೆ. ಅಷ್ಟೊತ್ತಿಗೆ…"

ಅವಳು ಬೀಗದ ಕಡೆ ನೋಡಿದಳು.

"ಗುಬ್ಬಿಗೆ ನಿನ್ನ ಅಕ್ಷರ ಗೊತ್ತಾಗಿರಬೇಕು."

"ನೋಡಿದ ತಕ್ಷಣ. ನನಗೆ ಕಣ್ಣಲ್ಲೇ ಬಾಯಿ ಮುಚ್ಕೋ ಅಂದ್ಲು. ನನಗೆ ಹೋದ ವರ್ಷ ಒಂದು ಸಲ ಎಚ್ಚರಿಕೆ ಕೊಟ್ಟಿದಾರೆ, ರೂಮಲ್ಲಿ ಸ್ಟವ್ ಇಟ್ಕೊಂಡಿದ್ದಕ್ಕೆ. ಇನ್ನೊಂದು ತಪ್ಪಿಗೆ ಮನೆಗೆ. ನಮ್ಮನೇಲಿ ಕಾಲೇಜಿನ ಬಾಗಿಲು ನೋಡಿದೋಳು ನಾನೊಬ್ಬಳೇ. ಅದಕ್ಕೇ ಅವಳು…" ತಲೆ ಕೊಡವಿದಳು. "ಆದರೆ ನಾನು ಬಾಯಿ ಮುಚ್ಕೊಂಡಿದ್ದು ಅದಕ್ಕಲ್ಲ ಅಜ್ಜಿ."

"ಮತ್ತೆ ಯಾಕೆ?"

"ಮಧ್ಯಾಹ್ನ ಇಬ್ಬರು ಬಂದಿದ್ರಂತೆ. ಒಬ್ಬಳು ಎರಡೂವರೆಗೆ, ಇನ್ನೊಬ್ಬ ಮೂರಕ್ಕೆ. ಸ್ಲೇಟ್ ನೋಡಿ ಹಾಗೇ ಹೊರಟುಹೋದ್ರಂತೆ. ಮೇಷ್ಟ್ರಿಗೆ ಆಗ ಇನ್ನೂ ಉಸಿರಿತ್ತು ಅಂತ ಡಾಕ್ಟರು ಹೇಳಿದ್ರಲ್ಲ? ಪೆಟ್ಟು ಬಿದ್ದ ಮೇಲೂ ಒಂದೂವರೆ ಗಂಟೆ ಬದುಕಿದ್ರು ಅಂತ? ನಾನು ಬರೀದೇ ಇದ್ದಿದ್ರೆ ಅವರು ಬಾಗಿಲು ತಟ್ತಿದ್ರು."

ಇನ್ಸ್‌ಪೆಕ್ಟರಮ್ಮ ಮೂವತ್ತೆರಡು ವರ್ಷಗಳ ನೌಕರಿಯಲ್ಲಿ ಎಷ್ಟೋ ಜನರಿಗೆ 'ನಿಮ್ಮದೇನೂ ತಪ್ಪಿಲ್ಲ' ಎಂದು ಹೇಳಿದ್ದರು. ಇವತ್ತು ಆ ಮಾತನ್ನು ಹೇಳಲಿಲ್ಲ. ಸತ್ತವನು ಅವರ ತಮ್ಮ. ಚಿಕ್ಕವನಿದ್ದಾಗ ಅವರ ಬೆನ್ನ ಮೇಲೆ ಕುಳಿತು ಶಾಲೆಗೆ ಹೋದವನು.

ಅವರು ತಮ್ಮ ಕರವಸ್ತ್ರ ತೆಗೆದು, ಹುಡುಗಿಯ ಬೆರಳುಗಳಿಗೆ ಅಂಟಿದ್ದ ಬಳಪದ ಪುಡಿಯನ್ನು ಒಂದೊಂದಾಗಿ ಒರೆಸಿದರು.

"ಎಷ್ಟು ಗಂಟೆಗೆ ಬರೆದೆ?"

"ಎರಡಕ್ಕೆ ಕಾಲು ಗಂಟೆ ಇತ್ತು. ಅಡುಗೆಮನೆಗೆ ಓಡಬೇಕಿತ್ತು, ಗಡಿಯಾರ ನೋಡ್ಕೊಂಡೇ ಬಂದೆ."

"ಆಗ ಸ್ಲೇಟು ಖಾಲಿ ಇತ್ತಾ?"

"ಖಾಲಿ ಇತ್ತು. ಆದರೆ ಒಳಗೆ ಯಾರೋ ಓದ್ತಾ ಇದ್ರು."

ಕರವಸ್ತ್ರ ನಿಂತಿತು.

"ಏನಂದೆ?"

"ಒಳಗೆ ಯಾರೋ ಗಟ್ಟಿಯಾಗಿ ಓದ್ತಾ ಇದ್ರು. ಯಾರೋ ಹೆಸರು ಬರೆಯೋದು ಮರ್ತಿದಾರೆ ಅಂದ್ಕೊಂಡೆ. ಹೊಸಬರು ಮರೀತಾರೆ."

"ಮೇಷ್ಟ್ರ ದನೀನಾ?"

"ಅಲ್ಲ. ಗಂಡಸಿನ ದನಿ, ಅಷ್ಟೇ ಗೊತ್ತಾಗಿದ್ದು. ಬಾಗಿಲು ದಪ್ಪ ಅಲ್ವಾ, ಎಲ್ಲರ ದನಿಯೂ ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತೆ. ಒಂದೇ ಒಂದು ವಾಕ್ಯ ಮಾತ್ರ ಸರಿಯಾಗಿ ಕೇಳ್ತು. ಅದನ್ನ ಸಿಟ್ಟಿನಲ್ಲಿ ಓದಿದ ಹಾಗಿತ್ತು."

"ನೆನಪಿದೆಯಾ?"

"ನಾವು ಇಲ್ಲಿ ಅದನ್ನೇ ತಾನೇ ಕಲಿಯೋದು?" ಹುಡುಗಿ ಕಣ್ಣು ಮುಚ್ಚಿಕೊಂಡಳು. "'ಮೂರು ದಿನ ಅವಳು ಅದೇ ಹಾಸಿಗೆಯಲ್ಲಿ ಮಲಗಿದ್ದಳು, ಮೂರು ದಿನವೂ ಏನೂ ಇಲ್ಲ ಎಂದು ಬರೆಯಲಾಯಿತು.' ಯಾರೋ ಕತೆ ಬರ್ಕೊಂಡು ಬಂದಿದಾರೆ ಅಂತ ನಗು ಬಂತು. ಮೇಷ್ಟ್ರಿಗೆ ಕತೆ ಅಂದ್ರೆ ಆಗ್ತಿರಲಿಲ್ಲ. ಆಮೇಲೆ ಒಂದು ಸದ್ದು. ನಡುನಡುವೆ ಟಕ್, ಟಕ್ ಅಂತ. ತಗಡಿನ ಸದ್ದು."

"ಮೇಜು ಕುಟ್ಟಿದ್ದಾ?"

"ಅಲ್ಲ. ಚಿಕ್ಕ ಸದ್ದು. ಇನ್ನೊಂದು ಸಲ ಕೇಳಿದ್ರೆ ಗೊತ್ತಾಗುತ್ತೆ."

ಇನ್ಸ್‌ಪೆಕ್ಟರಮ್ಮ ಎದುರಿನ ಬೀಗವನ್ನೇ ನೋಡುತ್ತಿದ್ದರು. ಒಂಬತ್ತು ದಿನಗಳಿಂದ ಅವರನ್ನು ಮಲಗಲು ಬಿಡದ ಸಂಗತಿ ಒಂದಿತ್ತು. ಜವಾನ ಬಾಗಿಲು ತೆರೆದಾಗ ಮೇಷ್ಟ್ರು ಬಿದ್ದ ಹಾಗೆ ಬಿದ್ದಿರಲಿಲ್ಲ. ಯಾರೋ ಅವರನ್ನು ಎಡ ಮಗ್ಗುಲಿಗೆ ತಿರುಗಿಸಿದ್ದರು. ಮೇಲಿನ ಮೊಣಕಾಲನ್ನು ಮಡಿಸಿದ್ದರು. ಕೊರಳ ಗುಂಡಿ ಬಿಚ್ಚಿದ್ದರು. ಕೆನ್ನೆಯ ಕೆಳಗೆ ಶಾಲನ್ನು ಮಡಿಸಿ ಇಟ್ಟಿದ್ದರು. ಕನ್ನಡಕವನ್ನು ತೆಗೆದು, ಅದರ ಡಬ್ಬಿಯಲ್ಲಿ ಹಾಕಿ, ಕಾಲಿಗೆ ಸಿಗದ ಹಾಗೆ ಮೇಜಿನ ಮೇಲಿಟ್ಟಿದ್ದರು.

ಇಷ್ಟು ಮಾಡಿದ ಕೈಗೆ ಒಬ್ಬ ಡಾಕ್ಟರನ್ನು ಕರೆಯುವುದು ಯಾಕೆ ಕಷ್ಟವಾಯಿತು?

"ಕೇಳು ಮಗಳೇ," ಎಂದರು. "ಆ ಮನುಷ್ಯ ಹೊರಗೆ ಬಂದಾಗ ಗುಬ್ಬಿಯ ಹೆಸರು ಇಲ್ಲೇ ಇತ್ತು. ಅದನ್ನ ನೋಡೇ ನೋಡಿದಾನೆ. ಹೆಸರಿದ್ರೆ ಯಾರೂ ತಟ್ಟಲ್ಲ ಅಂತ ಅವನಿಗೂ ಗೊತ್ತಿತ್ತು. ಹಾಗೇ ಬಿಟ್ಟು ಹೋದ. ನೀನು ಬರೆದಿದ್ದು ಗೆಳತಿಗೋಸ್ಕರ. ಅವನು ಬಿಟ್ಟಿದ್ದು ತನಗೋಸ್ಕರ. ಎರಡೂ ಒಂದೇ ಅಲ್ಲ. ನನಗೆ ಇವತ್ತು ಇಷ್ಟೇ ಹೇಳೋಕೆ ಆಗೋದು."

ಹುಡುಗಿ ತಲೆಯಾಡಿಸಿದಳು.

"ಇದನ್ನೇ ಮೇಲೆ ಬಂದು ಹೇಳ್ತೀಯಾ?"

"ನನ್ನನ್ನ ಕಳಿಸಿಬಿಡ್ತಾರೆ."

"ಕಳಿಸಬಹುದು. ನಾನು ಸುಳ್ಳು ಹೇಳಲ್ಲ."

"ಗುಬ್ಬೀನ ಬಿಡ್ತಾರಾ?"

"ಅವಳ ಮೇಲಿರೋದು ಈ ಸ್ಲೇಟೊಂದೇ ಸಾಕ್ಷಿ. ನೀನು ಬಾಯಿ ಬಿಟ್ರೆ ಅದು ಉಳಿಯಲ್ಲ."

ಕಂಬ ಎದ್ದಳು. ಎದ್ದು, ಕೈ ಕೊಟ್ಟು ಮುದುಕಿಯನ್ನೂ ಎಬ್ಬಿಸಿದಳು. ಹೊರಡುವ ಮುಂಚೆ ತಾನು ಬರೆದಿದ್ದ ತನ್ನ ಹೆಸರನ್ನು ಸ್ಲೇಟಿನಿಂದ ಅಂಗೈಯಲ್ಲಿ ಅಳಿಸಿದಳು.

*

ಮೇಲಿನ ಮಹಡಿಯಲ್ಲಿ ಸಮಿತಿಯ ಕೋಣೆಯ ಹೊರಗೆ ಒಂದು ಉದ್ದ ಬೆಂಚು. ಬಾಗಿಲಲ್ಲಿ ಜವಾನ ನಿಂತಿದ್ದ. ಅವನ ಕಣ್ಣುಗಳು ಕೆಂಪಾಗಿದ್ದವು.

"ಬೇಗನೇ ಶುರು ಮಾಡ್ಕೊಂಡ್ರು ಅಮ್ಮ. ಮೂರೂವರೆಗೇ. ಗುಬ್ಬಿಯಮ್ಮ ಒಳಗಿದಾಳೆ. ನಿಂತೇ ಇದಾಳೆ, ಕೂತ್ಕೋ ಅಂತಾನೂ ಯಾರೂ ಅನ್ನಲಿಲ್ಲ. ನಾನೇ ಕುರ್ಚಿ ಹಾಕೋಕೆ ಹೋದೆ, ಪ್ರಿನ್ಸಿಪಾಲರು ಗದರಿಸಿದ್ರು."

"ಒಳಗೆ ಹೋಗಿ ಹೇಳಪ್ಪ, ಹೊಸ ಸಾಕ್ಷಿ ಇದೆ ಅಂತ. ನಾನು ಮಾತಾಡಬೇಕು ಅಂತ."

ಜವಾನ ಒಳಗೆ ಹೋದ. ಇಬ್ಬರೂ ಬೆಂಚಿನ ಮೇಲೆ ಕುಳಿತರು. ಹುಡುಗಿ ಮೊಣಕಾಲುಗಳ ನಡುವೆ ಕೈ ಸಿಕ್ಕಿಸಿಕೊಂಡಿದ್ದಳು. ಮೈ ಸಣ್ಣಗೆ ನಡುಗುತ್ತಿತ್ತು.

"ಬೆಳಿಗ್ಗೆ ತಿಂಡಿ ತಿಂದಿದ್ದೀಯಾ?"

"ಇಲ್ಲ."

"ನಿನ್ನೆ?"

ಅದಕ್ಕೂ ಅವಳು ಇಲ್ಲವೆಂದು ತಲೆಯಾಡಿಸಿದಳು.

ಬಾಗಿಲು ತೆರೆಯಿತು. ಹೊರಗೆ ಬಂದದ್ದು ಜವಾನನಲ್ಲ, ಕಾಲೇಜಿನ ಡಾಕ್ಟರು. ಸಾಕ್ಷಿ ಹೇಳಿ ಮುಗಿದಿತ್ತು. ಬಾಗಿಲು ದಢಾರೆನ್ನದ ಹಾಗೆ ಎರಡೂ ಕೈಯಿಂದ ಹಿಡಿದು ಮೆಲ್ಲಗೆ ಮುಚ್ಚಿದರು. ಇಪ್ಪತ್ತು ವರ್ಷಗಳಿಂದ ಇಲ್ಲಿ ಎಲ್ಲರ ಜ್ವರ, ಉಳುಕು, ಪರೀಕ್ಷೆಯ ಭಯ ನೋಡಿಕೊಂಡವರು. ಮೇಷ್ಟ್ರ ಕಣ್ಣು ಮುಚ್ಚಿದವರೂ ಅವರೇ. "ನೋವು ಹೆಚ್ಚಿರಲಿಲ್ಲ ಅಮ್ಮ, ನಿದ್ದೆಯಲ್ಲೇ ಹೋದ ಹಾಗೆ" ಎಂದು ಮೊದಲ ದಿನ ಇನ್ಸ್‌ಪೆಕ್ಟರಮ್ಮನ ಕೈ ಹಿಡಿದು ಹೇಳಿದ್ದರು. ಹೇಳುವಾಗ ಅವರ ಕಣ್ಣಲ್ಲೂ ನೀರಿತ್ತು. ಆ ನೀರು ನಿಜವಾದದ್ದೇ ಎಂದು ಇನ್ಸ್‌ಪೆಕ್ಟರಮ್ಮನಿಗೆ ಆಗಲೂ ಅನಿಸಿತ್ತು, ಈಗಲೂ ಅನಿಸುತ್ತಿತ್ತು.

"ಕೆಮ್ಮು ಹೇಗಿದೆ?" ಎನ್ನುತ್ತ ಡಾಕ್ಟರು ಹುಡುಗಿಯ ಆಚೆ ಬದಿಗೆ ಕುಳಿತರು. "ಪಾಪ, ಆ ಮಗೂನ ನೋಡೋಕಾಗಲ್ಲ ಒಳಗೆ. ನಾನೇನು ಮಾಡ್ಲಿ? ಪೆಟ್ಟು ಬಿದ್ದದ್ದು ಎರಡು ಗಂಟೆ ಆದ ಮೇಲೆ. ಕೇಳಿದ್ರು, ಹೇಳಿದೆ."

"ಎರಡಕ್ಕಿಂತ ಮುಂಚೆ ಇರೋಕೆ ಸಾಧ್ಯಾನೇ ಇಲ್ವಾ?"

"ಇಲ್ಲಮ್ಮ." ಅವರು ನಿಟ್ಟುಸಿರು ಬಿಟ್ಟರು. ಕೋಟಿನ ಜೇಬಿನಿಂದ ಚಪ್ಪಟೆಯಾದ ಒಂದು ತಗಡಿನ ಡಬ್ಬಿ ತೆಗೆದರು. ಒಂದು ಮಾತ್ರೆ ಹೊರಗೆ ತೆಗೆದು, ಹೆಬ್ಬೆರಳಿನಿಂದ ಮುಚ್ಚಳ ಒತ್ತಿದರು.

ಟಕ್.

ಹುಡುಗಿಯ ನಡುಕ ನಿಂತಿತು. ಪೂರ್ತಿಯಾಗಿ, ಒಂದೇ ಸಲಕ್ಕೆ ನಿಂತಿತು.

ಡಾಕ್ಟರು ಯೋಚನೆಯಲ್ಲಿದ್ದರು. ಮುಚ್ಚಳ ತೆರೆದರು, ಮುಚ್ಚಿದರು. ತೆರೆದರು, ಮುಚ್ಚಿದರು. ಎಷ್ಟೋ ವರ್ಷಗಳ ಅಭ್ಯಾಸ. ತಮಗೇ ಗೊತ್ತಿಲ್ಲದ ಹಾಗೆ.

ಟಕ್. ಟಕ್.

ಇನ್ಸ್‌ಪೆಕ್ಟರಮ್ಮನ ಬಾಯಲ್ಲಿದ್ದ ಮಾತ್ರೆ ಕಹಿಯಾಯಿತು. ಒಂದು ಮಗ್ಗುಲು. ಮಡಿಸಿದ ಮೊಣಕಾಲು. ಉಸಿರಿಗೆ ತಡೆಯಾಗದಂತೆ ಬಿಚ್ಚಿದ ಗುಂಡಿ. ಅಷ್ಟು ಅಚ್ಚುಕಟ್ಟಾಗಿ ಮಲಗಿಸಿದವರು ಡಾಕ್ಟರನ್ನು ಯಾಕೆ ಕರೆಯಲಿಲ್ಲ ಎಂದು ಒಂಬತ್ತು ದಿನ ಕೇಳಿಕೊಂಡಿದ್ದರು. ಕರೆಯುವ ಅಗತ್ಯವಿರಲಿಲ್ಲ. ಡಾಕ್ಟರು ಅಲ್ಲೇ ಇದ್ದರು. ಸಿಟ್ಟಿನಲ್ಲಿ ಓದಿದ ಆ ವಾಕ್ಯವೂ ಕತೆಯದಲ್ಲ; ಇವರ ಹಾಸಿಗೆಯಲ್ಲಿ ಮಲಗಿದ್ದ ಯಾವಳೋ ರೋಗಿಯ ಬಗ್ಗೆ ತಮ್ಮನೇ ಬರೆದಿಟ್ಟ ದೂರಿರಬೇಕು.

ಹುಡುಗಿ ಎದ್ದು ನಿಲ್ಲಲು ನೋಡಿದಳು. ಎರಡು ದಿನ ಊಟವಿಲ್ಲದ ಕಾಲು ಅವಳನ್ನು ಹೊರಲಿಲ್ಲ. ಅಷ್ಟುದ್ದದ ದೇಹ ಪಕ್ಕಕ್ಕೆ ವಾಲಿತು. ಡಾಕ್ಟರು ಎರಡೂ ತೋಳು ಚಾಚಿ ಹಿಡಿದುಕೊಂಡರು.

"ಅರೆ, ಅರೆ! ಏನಾಯ್ತಮ್ಮ ನಿನಗೆ?" ಬೆರಳುಗಳು ಆಗಲೇ ಅವಳ ಮಣಿಕಟ್ಟಿನ ಮೇಲಿದ್ದವು. "ನಾಡಿ ಓಡ್ತಾ ಇದೆ. ಭಯಕ್ಕೆ ಹೀಗಾಗುತ್ತೆ. ಇವಳು ಏನಾದ್ರೂ ಹೇಳಿದ್ಲಾ ನಿಮ್ಮ ಹತ್ರ?"

ಪ್ರಶ್ನೆ ಇನ್ಸ್‌ಪೆಕ್ಟರಮ್ಮನಿಗೆ. ದನಿಯಲ್ಲಿ ಕಾಳಜಿ ಬಿಟ್ಟು ಬೇರೇನೂ ಇರಲಿಲ್ಲ. ಆದರೆ ಡಾಕ್ಟರ ಕಣ್ಣು ಹುಡುಗಿಯ ಬಲಗೈಯ ಮೇಲಿತ್ತು. ಅಂಗೈ ತುಂಬ ಬಿಳಿಯ ಬಳಪದ ಪುಡಿ.

ಅಷ್ಟರಲ್ಲಿ ಬಾಗಿಲು ತೆರೆದು ಜವಾನ ಓಡಿಬಂದ. "ಅಮ್ಮ, ನಿಮ್ಮನ್ನ ಕರೀತಿದಾರೆ. ಈಗಲೇ ಬರ್ಬೇಕಂತೆ, ನೀವೊಬ್ಬರೇ. ಎರಡು ನಿಮಿಷ ಕೇಳ್ತೀವಿ, ಇಲ್ಲಾಂದ್ರೆ ರುಜು ಹಾಕಿ ಗುಬ್ಬಿಯಮ್ಮನ್ನ ವ್ಯಾನಿಗೆ ಹತ್ತಿಸ್ತೀವಿ ಅಂತಿದಾರೆ."

"ಇವಳೂ ಬರಬೇಕು. ಸಾಕ್ಷಿ ಇವಳೇ."

"ಎಚ್ಚರ ತಪ್ಪಿದ ಹುಡುಗೀನ ಎಲ್ಲಿಗೆ ಕರ್ಕೊಂಡು ಹೋಗ್ತೀರಿ?" ಡಾಕ್ಟರು ಮೃದುವಾಗಿ ಗದರಿದರು. ಹುಡುಗಿಯ ತಲೆ ಅವರ ಭುಜದ ಮೇಲಿತ್ತು. ಅರ್ಧ ಮುಚ್ಚಿದ ಕಣ್ಣುಗಳು ಮುದುಕಿಯನ್ನೇ ಹುಡುಕುತ್ತಿದ್ದವು. ತುಟಿ ಅಲುಗಿತು, ಮಾತು ಹೊರಡಲಿಲ್ಲ.

ತೆರೆದ ಬಾಗಿಲಿನಾಚೆ, ದೊಡ್ಡ ಮೇಜಿನ ಎದುರು, ಗುಬ್ಬಿ ಒಬ್ಬಳೇ ನಿಂತಿರುವುದು ಕಾಣುತ್ತಿತ್ತು. ಯಾರೋ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು.

ಡಾಕ್ಟರು ಹುಡುಗಿಯ ಕೊರಳ ಬಳಿ ಕೈ ತಂದರು. ಉಸಿರಾಟಕ್ಕೆ ಸಲೀಸಾಗಲೆಂದು ಮೇಲಿನ ಗುಂಡಿಯನ್ನು ಜೋಪಾನವಾಗಿ ಬಿಚ್ಚಿದರು.

"ನೀವು ನಿಶ್ಚಿಂತೆಯಾಗಿ ಒಳಗೆ ಹೋಗಿ ಅಮ್ಮ," ಎಂದರು. "ಇವಳನ್ನ ನಾನು ನೋಡ್ಕೋತೀನಿ. ಕೆಳಗೆ ನನ್ನ ಹತ್ರ ಒಂದು ಹಾಸಿಗೆ ಖಾಲೀನೇ ಇದೆ."